ಅನ್ನಮಾರ್ಗದಲ್ಲಿ ಬೆಳಕು



ಕಡೂರು, ತರೀಕೆರೆ, ಅಜ್ಜಂಪುರಗಳ ಹೆಸರನ್ನು ಒಟ್ಟಾಗಿ ಹೇಳಿದರೆ ನಮ್ಮ ಹಿರಿಯರಿಗೆ ಮೊದಲು ನೆನಪಾಗುತ್ತಿದ್ದುದು ರೈಲುದಾರಿ. ಬೆಂಗಳೂರಿನಿಂದ ಹುಬ್ಬಳ್ಳಿಯತ್ತ ಸಾಗುವ ದಾರಿಯಲ್ಲಿ ಕಡೂರೂ ಅಜ್ಜಂಪುರವೂ ಇವೆ. ಎರಡರ ನಡುವಣ ಬೀರೂರಿನಿಂದ ಕವಲೊಡೆದು ೧೮೯೯ರಲ್ಲಿ ಶಿವಮೊಗ್ಗವನ್ನು ಮುಟ್ಟಿದ ದಾರಿಯಲ್ಲಿ ತರೀಕೆರೆ ಇದೆ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ೧೯೪೭ರವರೆಗೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ಆ ಕಾಲದಿಂದಲೂ ಈ ಭಾಗದ ಫಸಲು ಈ ದಾರಿ ಹಿಡಿದೇ ದೂರದ ಪೇಟೆಗಳನ್ನು ಸೇರಿತು. ಅದೇ ಗಾಡಿಗಳಲ್ಲಿ, ಊರಿನ ವೈದ್ಯರ ಕೈಮೀರಿದ ರೋಗಿಗಳೂ ಬೆಂಗಳೂರಿನ ದೊಡ್ಡಾಸ್ಪತ್ರೆಗಳಿಗೆ ಹೋದರು.

೧೯೭೯ರ ಬೇಸಿಗೆಯಲ್ಲಿ ಹಾಗೆ ಹೋದವರಲ್ಲಿ ನನ್ನ ಸೋದರಮಾವನವರೂ ಒಬ್ಬರು. ಕಡೂರು ತಾಲ್ಲೂಕಿನ ಬಯಲುಸೀಮೆಯ ಹಳ್ಳಿಯೊಂದರಲ್ಲಿ ತೆಂಗು, ರಾಗಿ ಬೆಳೆದು ಬಾಳಿದ ಗಟ್ಟಿ ಆಳು ಅವರು. ಒಂದು ದಿನ ಊಟದ ನಡುವೆ ‘ಮುದ್ದೆ ಎದೆಯಲ್ಲಿ ನಿಂತಂತಾಗುತ್ತದೆ’ ಎಂದರು. ಸಾರು ಹೆಚ್ಚು ಹಾಕಿಕೊಂಡು ನುಂಗಿದರು. ತಿಂಗಳೊಪ್ಪತ್ತಿನಲ್ಲಿ ಮುದ್ದೆ ಬಿಟ್ಟು ಅನ್ನಕ್ಕೆ ಬಂದರು. ಅನ್ನವೂ ಇಳಿಯದಾದಾಗ ಗಂಜಿಗೆ ಬಂದರು. ವಾಯುವೆಂದು ಕಷಾಯ ಕುಡಿದದ್ದಾಯಿತು, ಉಷ್ಣವೆಂದು ಎಳನೀರು ಕುಡಿದದ್ದಾಯಿತು. ಬೆಂಗಳೂರಿನ ವೈದ್ಯರು ಕೊಳವೆ ಇಳಿಸಿ ನೋಡಿದಾಗ ಅನ್ನನಾಳದಲ್ಲಿ ಕ್ಯಾನ್ಸರ್ ಗೆಡ್ಡೆ ಬೆಳೆದು ದಾರಿಯನ್ನೇ ಮುಚ್ಚಿತ್ತು. ಆ ವರ್ಷದ ದೀಪಾವಳಿಗೆ ಅವರು ನಮ್ಮೊಡನಿರಲಿಲ್ಲ. ಅತ್ತೆಯವರು ವೈದ್ಯರನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಮೊದಲೇ ಬಂದಿದ್ದರೆ ಉಳಿಯುತ್ತಿದ್ದರೇ?’ ವೈದ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎಷ್ಟು ಮೊದಲು ಎಂಬುದರ ಮೇಲೆ ಇತ್ತಮ್ಮ’ ಎಂದರಂತೆ.

ಆ ಉತ್ತರ ಜಾರಿಕೆಯದೆಂದು ನಾನು ಬಹುಕಾಲ ತಿಳಿದಿದ್ದೆ. ಅನ್ನಮಾರ್ಗದ ಎಳೆಯ ಗಂಟುಗಳನ್ನು ಎದೆ ಹೊಟ್ಟೆಗಳನ್ನು ಕೊಯ್ಯದೆಯೇ ತೆಗೆಯಲು ಮನುಷ್ಯನು ಕಲಿತ ಇತಿಹಾಸವನ್ನು ಓದಿದ ಮೇಲೆ, ಅದಕ್ಕಿಂತ ನಿಜವಾದ ಉತ್ತರ ಇರಲಾರದೆಂದು ತಿಳಿಯಿತು. ಆ ಇತಿಹಾಸವನ್ನು ತಮ್ಮ ಮುಂದಿಡುವುದೇ ಈ ಬರಹದ ಉದ್ದೇಶ.

ಗೋಡೆಯ ಪದರಗಳು

ಬಾಯಿಂದ ಗುದದವರೆಗೆ ನಮ್ಮ ದೇಹದೊಳಗೆ ಸಾಗುವ ಅನ್ನಮಾರ್ಗವು ಎಂಟು-ಒಂಬತ್ತು ಮೀಟರುಗಳಷ್ಟು ಉದ್ದದ ಒಂದು ಕೊಳವೆ. ಇದರಲ್ಲಿ ಅನ್ನನಾಳ ಸುಮಾರು ೨೫ ಸೆಂಟಿಮೀಟರು. ದೊಡ್ಡ ಕರುಳು ಸುಮಾರು ಒಂದೂವರೆ ಮೀಟರು. ಈ ಕೊಳವೆಯ ಗೋಡೆಯನ್ನು ನಮ್ಮ ಹಳ್ಳಿಯ ಮನೆಯ ಗೋಡೆಗೆ ಹೋಲಿಸಬಹುದು. ಒಳಮೈಗೆ ಬಳಿದ ಸುಣ್ಣದಂತೆ ತೆಳುವಾದ ಲೋಳೆಪೊರೆ ಇದೆ. ಅದರ ಹಿಂದೆ, ಗಾರೆಯ ಹಾಗೆ, ಮೆತ್ತನೆಯ ಅಡಿಪೊರೆ ಇದೆ. ಅದರ ಹಿಂದೆ ಗೋಡೆಯೇ ಆದ ಸ್ನಾಯುವಿನ ಪದರ ಇದೆ. ಇಷ್ಟೂ ಪದರಗಳು ಸೇರಿದರೂ ದಪ್ಪ ಕೆಲವೇ ಮಿಲಿಮೀಟರು.

ಜಠರದ ಅಥವಾ ಕರುಳಿನ ಕ್ಯಾನ್ಸರು ಸಾಮಾನ್ಯವಾಗಿ ಒಳಮೈಯ ಲೋಳೆಪೊರೆಯಲ್ಲೇ ಹುಟ್ಟುತ್ತದೆ. ಅದು ಆ ಪೊರೆಯಲ್ಲೇ ಇರುವವರೆಗೆ ದೇಹದ ಬೇರೆಡೆಗೆ ಹರಡುವ ಸಂಭವ ಬಹಳ ಕಡಿಮೆ. ರಕ್ತನಾಳಗಳೂ ಹಾಲುರಸವನ್ನು ಒಯ್ಯುವ ನಾಳಗಳೂ ದಟ್ಟವಾಗಿರುವುದು ಅಡಿಪೊರೆಯಲ್ಲಿ. ಗಂಟಿನ ಬೇರು ಅಲ್ಲಿಗೆ ಇಳಿದಷ್ಟೂ ಗ್ರಂಥಿಗಳಿಗೆ, ಯಕೃತ್ತಿಗೆ, ಶ್ವಾಸಕೋಶಗಳಿಗೆ ಹಬ್ಬುವ ಬಾಗಿಲು ತೆರೆಯುತ್ತದೆ. ಆದುದರಿಂದ ‘ಮೊದಲೇ’ ಎಂಬ ಮಾತಿಗೆ ವೈದ್ಯಶಾಸ್ತ್ರದಲ್ಲಿ ಇರುವ ಅರ್ಥ ತಿಂಗಳುಗಳ ಲೆಕ್ಕದ್ದಲ್ಲ, ಆಳದ ಲೆಕ್ಕದ್ದು. ಒಂದೆರಡು ಮಿಲಿಮೀಟರಿನ ಆಳದಲ್ಲಿ ಜೀವನ ಮರಣಗಳ ತೀರ್ಮಾನ ಅಡಗಿದೆ. ಇಷ್ಟು ಸಣ್ಣ ವ್ಯತ್ಯಾಸವನ್ನು ಬದುಕಿರುವ ಮನುಷ್ಯನ ಹೊಟ್ಟೆಯೊಳಗೆ ಕಂಡು ಹಿಡಿಯುವುದು ಹೇಗೆ? ಇದಕ್ಕೆ ಉತ್ತರ ಹುಡುಕಲು ಒಂದೂವರೆ ಶತಮಾನ ಹಿಡಿಯಿತು.

ಮೇಣದ ಬತ್ತಿಯಿಂದ ಕತ್ತಿ ನುಂಗುವವನವರೆಗೆ

ಜರ್ಮನಿಯ ಫ್ರಾಂಕ್‌ಫರ್ಟಿನ ತರುಣ ವೈದ್ಯ ಫಿಲಿಪ್ ಬೊಜ್ಜಿನಿ ಎಂಬಾತನು ೧೮೦೬ರಲ್ಲಿ ಒಂದು ಉಪಕರಣವನ್ನು ಜಗತ್ತಿನ ಮುಂದಿಟ್ಟನು. ಒಂದು ಪೆಟ್ಟಿಗೆ, ಅದರೊಳಗೆ ಮೇಣದ ಬತ್ತಿ, ಬೆಳಕನ್ನು ಮುಂದಕ್ಕೆ ತಳ್ಳಲು ಕನ್ನಡಿ, ದೇಹದ ರಂಧ್ರದೊಳಕ್ಕೆ ಇಳಿಸಲು ಕೊಳವೆ. ಆತನು ೧೮೦೯ರಲ್ಲಿ, ಇನ್ನೂ ಮೂವತ್ತೈದರ ವಯಸ್ಸಿನಲ್ಲಿ, ರೋಗಿಗಳಿಂದ ತಗುಲಿದ ಜ್ವರಕ್ಕೆ ಬಲಿಯಾದನು. ಆದರೆ ಒಳಗಿನ ಕತ್ತಲೆಗೆ ಹೊರಗಿನ ಬೆಳಕನ್ನು ಒಯ್ಯಬಹುದೆಂಬ ಅವನ ವಿಚಾರ ಉಳಿಯಿತು.

ಮುಂದಿನ ದೊಡ್ಡ ಹೆಜ್ಜೆಯನ್ನಿಡಿಸಿದವನು ವೈದ್ಯನಲ್ಲ, ಆಟಗಾರ. ಜಾತ್ರೆಗಳಲ್ಲಿ ಕತ್ತಿ ನುಂಗುವವರನ್ನು ತಾವು ಕಂಡಿರಬಹುದು, ಇಲ್ಲವೇ ಹಿರಿಯರಿಂದ ಕೇಳಿರಬಹುದು. ಜರ್ಮನಿಯ ಫ್ರೈಬರ್ಗಿನಲ್ಲಿ ಅಡಾಲ್ಫ್ ಕುಸ್‌ಮೌಲ್ ಎಂಬ ವೈದ್ಯನು ೧೮೬೮ರಲ್ಲಿ ಅಂಥ ಒಬ್ಬನನ್ನು ಕರೆಸಿ, ಕತ್ತಿಯ ಬದಲಿಗೆ ೪೭ ಸೆಂಟಿಮೀಟರ್ ಉದ್ದದ ನೇರವಾದ ಲೋಹದ ಕೊಳವೆಯನ್ನು ನುಂಗಿಸಿದನು. ಬಾಯಿಂದ ಜಠರದವರೆಗೆ ನೆಟ್ಟನೆಯ ಕೊಳವೆ ಇಳಿಯಬಲ್ಲದೆಂದು ಅಂದು ಸಿದ್ಧವಾಯಿತು. ಆದರೆ ದೀಪದ ಬೆಳಕು ಅಷ್ಟು ಆಳಕ್ಕೆ ಸಾಲದೆ, ಜಠರದಲ್ಲಿ ಕಂಡದ್ದು ಮಬ್ಬು ಮಾತ್ರ. ೧೮೮೧ರಲ್ಲಿ ವಿಯೆನ್ನಾ ನಗರದಲ್ಲಿ ಯೋಹಾನ್ ಮಿಕುಲಿಚ್ ಎಂಬ ಶಸ್ತ್ರವೈದ್ಯನು ತುದಿಯಲ್ಲಿ ವಿದ್ಯುತ್ತಿನ ಬೆಳಕಿದ್ದ ಕೊಳವೆಯಿಂದ ಜಠರವನ್ನು ನೋಡಿದನು. ೧೯೩೨ರಲ್ಲಿ ರುಡಾಲ್ಫ್ ಶಿಂಡ್ಲರ್ ಎಂಬ ವೈದ್ಯನು ಗೇಯಾರ್ಗ್ ವೋಲ್ಫ್ ಎಂಬ ಉಪಕರಣ ತಯಾರಕನೊಡನೆ ಸೇರಿ, ಅರ್ಧ ಬಿಗಿ, ಅರ್ಧ ಬಾಗುವ ಕೊಳವೆಯನ್ನು ಮಾಡಿದನು. ಅದರೊಳಗೆ ಸಾಲಾಗಿ ಜೋಡಿಸಿದ ಮಸೂರಗಳಿದ್ದವು. ರೋಗಿಗೆ ಇದರಿಂದ ಅಪಾಯ ಬಹಳ ಕಡಿಮೆಯಾಯಿತು. ಆದರೂ ಜಠರದ ಕೆಲವು ಮೂಲೆಗಳು ಕಣ್ಣಿಗೆ ಬೀಳದೆಯೇ ಉಳಿದವು.

ಮೋಗಾದ ಹುಡುಗನ ಗಾಜಿನ ಎಳೆ

ಇಲ್ಲಿಂದ ಮುಂದೆ ಕಥೆಯಲ್ಲಿ ನಮ್ಮ ದೇಶದವನೊಬ್ಬನು ಬರುತ್ತಾನೆ. ಪಂಜಾಬಿನ ಮೋಗಾ ಎಂಬ ಊರಿನಲ್ಲಿ ೧೯೨೬ರಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿಯವರು, ಬೆಳಕು ನೇರವಾಗಿಯೇ ಹೋಗಬೇಕೆಂಬ ಪಾಠವನ್ನು ಪ್ರಶ್ನಿಸಿದವರು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಅವರೊಡನೆ ಕೆಲಸ ಮಾಡಿ, ಕೂದಲಿನಂಥ ಗಾಜಿನ ಎಳೆಗಳ ಕಟ್ಟೊಂದು ಬಾಗಿದರೂ ಚಿತ್ರವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಒಯ್ಯಬಲ್ಲದೆಂದು ೧೯೫೪ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಕಾಲುವೆಯ ನೀರು ತಿರುವಿದ್ದಲ್ಲಿ ತಿರುಗಿ ಹರಿಯುವಂತೆ, ಬೆಳಕು ಗಾಜಿನ ಎಳೆಯೊಳಗೆ ಗೋಡೆಯಿಂದ ಗೋಡೆಗೆ ಪ್ರತಿಫಲಿಸುತ್ತಾ ಮುಂದೆ ಸಾಗುತ್ತದೆ. ೨೦೨೦ರಲ್ಲಿ ತೀರಿಕೊಂಡ ಕಪಾನಿಯವರಿಗೆ ಭಾರತ ಸರ್ಕಾರವು ೨೦೨೧ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣವನ್ನು ನೀಡಿತು.

ಆ ಲೇಖನವನ್ನು ಓದಿ ಉತ್ಸಾಹಗೊಂಡವರಲ್ಲಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿದ್ದ ವೈದ್ಯ ಬೇಸಿಲ್ ಹಿರ್ಷೋವಿಟ್ಸ್ ಒಬ್ಬರು. ಅವರೂ ಅವರ ಸಹಾಯಕರೂ ಒಂದು ಬಗೆಯ ಗಾಜಿಗೆ ಇನ್ನೊಂದು ಬಗೆಯ ಗಾಜಿನ ಕವಚವನ್ನು ತೊಡಿಸಿ, ಬೆಳಕು ಎಳೆಯಿಂದ ಎಳೆಗೆ ಸೋರಿಹೋಗದಂತೆ ಮಾಡಿದರು. ೧೯೫೭ರಲ್ಲಿ ಸಿದ್ಧವಾದ ಬಾಗುವ ಕೊಳವೆಯನ್ನು ಹಿರ್ಷೋವಿಟ್ಸರು ಮೊದಲು ತಾವೇ ನುಂಗಿದರು. ಕೆಲವು ದಿನಗಳಾದ ಬಳಿಕವಷ್ಟೇ ರೋಗಿಯೊಬ್ಬರಿಗೆ ಇಳಿಸಿದರು. ತಾನು ಕುಡಿಯದ ಕಷಾಯವನ್ನು ಮಗುವಿಗೆ ಕುಡಿಸದ ತಾಯಿಯ ರೀತಿ ಇದು.

ಇದೇ ಕಾಲಕ್ಕೆ ಜಪಾನಿನಲ್ಲಿ ಬೇರೊಂದು ದಾರಿಯಿಂದ ಇದೇ ಗುರಿಯತ್ತ ನಡೆದವರಿದ್ದರು. ಆ ದೇಶದಲ್ಲಿ ಜಠರದ ಕ್ಯಾನ್ಸರು ಬಹಳ ಹೆಚ್ಚು. ಟೋಕಿಯೋದ ಉಜಿ ತತ್ಸುರೋ ಎಂಬ ವೈದ್ಯರು ಒಲಿಂಪಸ್ ಕಂಪನಿಯ ತಂತ್ರಜ್ಞರೊಡನೆ ಸೇರಿ ೧೯೫೦ರಲ್ಲಿ, ನುಂಗಬಹುದಾದಂಥ ಪುಟ್ಟ ಕ್ಯಾಮೆರಾವನ್ನು ರೂಪಿಸಿದರು. ಅದು ಹೊಟ್ಟೆಯೊಳಗೆ ಚಿತ್ರ ತೆಗೆದು, ಹೊರಬಂದ ಮೇಲೆ ಅದರ ಸುರುಳಿಯನ್ನು ತೊಳೆದು ನೋಡಬೇಕಾಗಿತ್ತು. ಇಂಥ ಚಿತ್ರಗಳನ್ನು ನೋಡಿ ನೋಡಿ ಪಳಗಿದ ಕಣ್ಣುಗಳಿಗೆ, ಹಿಂದೆ ಯಾರೂ ಲೆಕ್ಕಿಸದಿದ್ದ ಸಣ್ಣ ಕೆಂಪು ಕಲೆಯೂ ಸಣ್ಣ ತಗ್ಗೂ ಅರ್ಥವುಳ್ಳವಾದವು. ೧೯೬೨ರಲ್ಲಿ ಜಪಾನಿನ ವೈದ್ಯಸಂಘವು ‘ಎಳೆಯ ಜಠರ ಕ್ಯಾನ್ಸರ್’ ಎಂಬುದನ್ನು ಖಚಿತವಾಗಿ ವ್ಯಾಖ್ಯಾನಿಸಿತು: ಲೋಳೆಪೊರೆ ಅಥವಾ ಅಡಿಪೊರೆಯನ್ನು ದಾಟಿ ಕೆಳಗಿಳಿಯದಿರುವುದು. ಹೆಸರಿಟ್ಟ ಮೇಲೆ ಹುಡುಕುವುದು ಸುಲಭವಾಗುತ್ತದೆ ಎಂಬುದನ್ನು ತಾವು ಬಲ್ಲಿರಿ.

ನೋಡುವುದರಿಂದ ತೆಗೆಯುವವರೆಗೆ

ಕಂಡ ಗಂಟನ್ನು ತೆಗೆಯಲು ಆಗಲೂ ಹೊಟ್ಟೆಯನ್ನು ಕೊಯ್ಯಲೇಬೇಕಾಗಿತ್ತು. ಕಡಲೆಕಾಳಿನಷ್ಟು ಗಂಟಿಗಾಗಿ ಗೇಣುದ್ದದ ಗಾಯ! ಈ ಅಸಮತೆಯನ್ನು ನಿವಾರಿಸಿದವರಲ್ಲಿ ಮುಖ್ಯರು, ನ್ಯೂಯಾರ್ಕಿನಲ್ಲಿ ವಿಲಿಯಂ ವುಲ್ಫ್ ಅವರೊಡನೆ ಕೆಲಸ ಮಾಡುತ್ತಿದ್ದ ಜಪಾನೀ ವೈದ್ಯ ಹಿರೋಮಿ ಶಿನ್ಯಾ. ೧೯೬೯ರಲ್ಲಿ ಅವರು ಬಾಗುವ ಕೊಳವೆಯ ಮೂಲಕ ದೊಡ್ಡ ಕರುಳಿನೊಳಕ್ಕೆ ತಂತಿಯ ಉರುಳೊಂದನ್ನು ಕಳುಹಿಸಿ, ಅಣಬೆಯಂತೆ ಕಾಂಡದ ಮೇಲೆ ನಿಂತಿದ್ದ ಗಂಟಿನ ಬುಡಕ್ಕೆ ಸಿಕ್ಕಿಸಿ, ವಿದ್ಯುತ್ತನ್ನು ಹರಿಸಿ ಕತ್ತರಿಸಿದರು. ಬಿಸಿಗೆ ರಕ್ತನಾಳ ಮುಚ್ಚಿಕೊಂಡಿತು. ಗಂಟು ಹೊರಗೆ ಬಂತು. ಇಂಥ ಗಂಟನ್ನೇ ವೈದ್ಯರು ‘ಪಾಲಿಪ್’ ಎನ್ನುತ್ತಾರೆ.

ಆದರೆ ಎಲ್ಲ ಗಂಟುಗಳಿಗೂ ಕಾಂಡವಿರುವುದಿಲ್ಲ. ಗೋಡೆಗೆ ಅಂಟಿದ ಪಾಚಿಯಂತೆ ಚಪ್ಪಟೆಯಾಗಿ ಹರಡಿದ್ದಕ್ಕೆ ಉರುಳು ಹಾಕಿದರೆ ಗೋಡೆಯೇ ತೂತಾಗುವ ಭಯ. ಇದಕ್ಕೆ ಸಿಕ್ಕ ಪರಿಹಾರವು ಎಷ್ಟು ಸರಳವೆಂದರೆ, ಕೇಳಿದವರು ನಗಬಹುದು. ಗಂಟಿನ ಅಡಿಗೆ ಸೂಜಿಯಿಂದ ಉಪ್ಪುನೀರನ್ನು ಚುಚ್ಚಿದರೆ ಅಡಿಪೊರೆ ಬೊಬ್ಬೆಯಂತೆ ಉಬ್ಬಿ, ಗಂಟನ್ನು ಸ್ನಾಯುವಿನ ಪದರದಿಂದ ಮೇಲಕ್ಕೆತ್ತುತ್ತದೆ. ಗುದನಾಳದ ಗಂಟುಗಳಿಗೆ ಈ ಉಪಾಯವನ್ನು ೧೯೫೫ರಲ್ಲಿಯೇ ಒಬ್ಬ ವೈದ್ಯರು ಹೇಳಿದ್ದರು. ೧೯೭೩ರಲ್ಲಿ ಯೂರೋಪಿನಲ್ಲಿ ಡೈಲೆ ಮತ್ತು ಸಂಗಡಿಗರು ಇದನ್ನು ಬಾಗುವ ಕೊಳವೆಯ ಮೂಲಕ ದೊಡ್ಡ ಕರುಳಿಗೆ ಅನ್ವಯಿಸಿದರು. ೧೯೮೪ರಲ್ಲಿ ಜಪಾನಿನ ತಾದಾ ಮತ್ತು ಸಂಗಡಿಗರು ಇದೇ ಕ್ರಮದಿಂದ ಜಠರದ ಎಳೆಯ ಕ್ಯಾನ್ಸರನ್ನು ಲೋಳೆಪೊರೆಯೊಡನೆ ಸುಲಿದು ತೆಗೆಯುವ ವಿಧಾನವನ್ನು ವರದಿ ಮಾಡಿದರು.

ಇಲ್ಲಿಯೂ ಒಂದು ತೊಡಕು ಉಳಿಯಿತು. ಉರುಳಿನ ಬಾಯಿ ಚಿಕ್ಕದು. ಎರಡು ಸೆಂಟಿಮೀಟರಿಗೆ ಮೀರಿದ ಗಂಟು ಒಂದೇ ಸಲಕ್ಕೆ ಸಿಕ್ಕದೆ ತುಂಡು ತುಂಡಾಗಿ ಬರುತ್ತಿತ್ತು. ತುಂಡು ತುಂಡಾದ ಗಂಟಿನ ಅಂಚು ಎಲ್ಲಿ, ಬೇರು ಎಷ್ಟು ಆಳ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ಖಚಿತಪಡಿಸುವುದು ಕಷ್ಟ. ಅಜ್ಜಂಪುರದ ಕಡೆಯ ಈರುಳ್ಳಿ ಹೊಲಗಳಲ್ಲಿ ಕಳೆ ಕಿತ್ತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೇಲಿನ ಎಲೆ ಮುರಿದು ಬಂದರೆ ಅದು ಕಳೆ ಕಿತ್ತಂತಲ್ಲ. ಬೇರಿಗಂಟಿದ ಹಿಡಿ ಮಣ್ಣಿನ ಸಮೇತ ಬಂದರೆ ಮಾತ್ರ ಮನಸ್ಸಿಗೆ ಸಮಾಧಾನ.

ಟೋಕಿಯೋದ ರಾಷ್ಟ್ರೀಯ ಕ್ಯಾನ್ಸರ್ ಕೇಂದ್ರದ ವೈದ್ಯರು ೧೯೯೦ರ ದಶಕದಲ್ಲಿ ಇದಕ್ಕಾಗಿ ಒಂದು ಚೂರಿಯನ್ನು ರೂಪಿಸಿದರು. ಸೂಜಿಯಂಥ ಅಲಗು, ಅದರ ತುದಿಗೆ ವಿದ್ಯುತ್ ಹರಿಯದ ಪಿಂಗಾಣಿಯ ಪುಟ್ಟ ಗುಂಡು. ಅಲಗಿನ ಬದಿ ಕೊಯ್ಯುತ್ತದೆ. ತುದಿಯ ಗುಂಡು ಕೆಳಗಿನ ಸ್ನಾಯುವಿನ ಪದರವನ್ನು ಸುಡದಂತೆ ಕಾಯುತ್ತದೆ. ಗಂಟಿನ ಸುತ್ತಲೂ ಗುರುತು ಹಾಕಿ, ಅಡಿಗೆ ದ್ರವ ತುಂಬಿ ಎತ್ತಿ, ಸುತ್ತ ಕೊಯ್ದು, ಹಲಸಿನ ತೊಳೆ ಬಿಡಿಸುವಷ್ಟು ನಾಜೂಕಿನಿಂದ ಅಡಿಪೊರೆಯಿಂದ ಬಿಡಿಸುತ್ತಾರೆ. ದೊಡ್ಡ ಗಂಟಾದರೂ ಒಂದೇ ಹಾಳೆಯಾಗಿ ಬರುತ್ತದೆ. ಈ ಕೆಲಸಕ್ಕೆ ಒಮ್ಮೊಮ್ಮೆ ಗಂಟೆಗಟ್ಟಲೆ ಹಿಡಿಯುವುದುಂಟು. ಜಪಾನು ೨೦೦೬ರಲ್ಲಿ ಜಠರದ ಮಟ್ಟಿಗೆ ಇದನ್ನು ತನ್ನ ಆರೋಗ್ಯ ವಿಮೆಯೊಳಗೆ ಸೇರಿಸಿತು. ಅನಂತರ ಅನ್ನನಾಳ, ದೊಡ್ಡ ಕರುಳುಗಳಿಗೂ ವಿಸ್ತರಿಸಿತು. ಇಂದು ಬೆಂಗಳೂರು ಮೊದಲಾದ ನಮ್ಮ ದೊಡ್ಡ ನಗರಗಳಲ್ಲಿಯೂ ಈ ವಿದ್ಯೆಯನ್ನು ಕಲಿತವರಿದ್ದಾರೆ.

ಇಷ್ಟೆಲ್ಲ ಪ್ರಯಾಸಕ್ಕೆ ಫಲವುಂಟೇ ಎಂದು ತಾವು ಕೇಳಬಹುದು. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಬೇಸಿಲ್ ಮಾರ್ಸನ್ ಮೊದಲಾದವರು, ದೊಡ್ಡ ಕರುಳಿನ ಬಹುತೇಕ ಕ್ಯಾನ್ಸರುಗಳು ಮೊದಲು ನಿರುಪದ್ರವಿಯಾದ ಗಂಟಾಗಿ ಹುಟ್ಟಿ, ವರ್ಷಗಳ ಕಾಲ ನಿಧಾನವಾಗಿ ಕೆಡುತ್ತವೆ ಎಂಬುದನ್ನು ೧೯೭೦ರ ದಶಕದಲ್ಲಿ ವಿಶದಪಡಿಸಿದರು. ಹಾಗಿದ್ದರೆ ಗಂಟಿದ್ದಾಗಲೇ ತೆಗೆದರೆ ಕ್ಯಾನ್ಸರು ಹುಟ್ಟಬಾರದಷ್ಟೆ? ಅಮೆರಿಕದಲ್ಲಿ ೧,೪೧೮ ಜನರ ಗಂಟುಗಳನ್ನು ತೆಗೆದು ವರ್ಷಗಳ ಕಾಲ ಅವರನ್ನು ಗಮನಿಸಿದ ಅಧ್ಯಯನವು ೧೯೯೩ರಲ್ಲಿ ಪ್ರಕಟವಾಯಿತು. ಅವರಲ್ಲಿ ಕರುಳಿನ ಕ್ಯಾನ್ಸರು ನಿರೀಕ್ಷೆಗಿಂತ ಶೇಕಡಾ ೭೬ರಿಂದ ೯೦ರಷ್ಟು ಕಡಿಮೆ ಕಂಡುಬಂದಿತು. ಚಿಕಿತ್ಸೆಯು ಇಲ್ಲಿ ರೋಗ ಬಂದ ಮೇಲಿನ ಮಾತಾಗಿರದೆ, ರೋಗ ಬರುವ ಮುನ್ನಿನ ಮಾತಾಯಿತು.

ನಮ್ಮ ನಾಡಿನಲ್ಲಿ

ಕರ್ನಾಟಕದಲ್ಲಿ ಕ್ಯಾನ್ಸರ್ ಚಿಕಿತ್ಸೆಗೆಂದೇ ಮೀಸಲಾದ ಕಿದ್ವಾಯಿ ಸಂಸ್ಥೆಯು ಬೆಂಗಳೂರಿನಲ್ಲಿ ೧೯೭೩ರಲ್ಲಿ ಆರಂಭವಾಗಿ, ೧೯೮೦ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೆಂದು ಮನ್ನಣೆ ಪಡೆಯಿತು. ೧೯೮೨ರಿಂದ ಬೆಂಗಳೂರಿನಲ್ಲಿ ಕ್ಯಾನ್ಸರ್ ನೋಂದಣಿ ನಡೆದು ಬಂದಿದೆ. ಯಾವ ಅಂಗದ ಕ್ಯಾನ್ಸರು ಎಷ್ಟು ಜನರಿಗೆ ಎಂಬ ಲೆಕ್ಕವನ್ನು ಅದು ಇಡುತ್ತದೆ. ಅದರ ಮೊದಲ ದಶಕಗಳ ದಾಖಲೆಗಳಲ್ಲಿ ಗಂಡಸರ ಪಟ್ಟಿಯ ಮುಂಚೂಣಿಯಲ್ಲಿದ್ದವುಗಳಲ್ಲಿ ಜಠರವೂ ಇತ್ತು, ಅನ್ನನಾಳವೂ ಇತ್ತು. ನಮ್ಮ ಸೋದರಮಾವನವರ ರೋಗ ಅಪರೂಪದ್ದೇನಾಗಿರಲಿಲ್ಲ.

ಮಠ ಮತ್ತು ಸಮಾಜದ ಹಿರಿಯರು ವೈದ್ಯಶಿಕ್ಷಣಕ್ಕೆ ಕೈಹಾಕಿದುದೂ ಈ ಇತಿಹಾಸದ ಒಂದು ಭಾಗವೇ. ದಾವಣಗೆರೆಯಲ್ಲಿ ಬಾಪೂಜಿ ವಿದ್ಯಾಸಂಸ್ಥೆಯವರು ೧೯೬೫ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜನ್ನೂ, ಮೈಸೂರಿನಲ್ಲಿ ಸುತ್ತೂರು ಮಠದ ವಿದ್ಯಾಪೀಠದವರು ೧೯೮೪ರಲ್ಲಿ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜನ್ನೂ ತೆರೆದರು. ಇಂದು ಅಜ್ಜಂಪುರದವರು ದಾವಣಗೆರೆಗೆ, ತರೀಕೆರೆಯವರು ಶಿವಮೊಗ್ಗಕ್ಕೆ, ಕಡೂರಿನವರು ಚಿಕ್ಕಮಗಳೂರಿಗೋ ಹಾಸನಕ್ಕೋ ಹೋಗಿ ಎಂಡೋಸ್ಕೋಪಿ ಮಾಡಿಸಿಕೊಂಡು ಅದೇ ದಿನ ಮನೆಗೆ ಮರಳಬಹುದು. ೧೯೭೯ರಲ್ಲಿ ಇನ್ನೂರು ಕಿಲೋಮೀಟರು ದೂರವಿದ್ದ ಬೆಳಕು ಹತ್ತಿರ ಬಂದಿದೆ. ಉಳಿದಿರುವ ದೂರ ನಮ್ಮ ಮನಸ್ಸಿನದು.

ಆ ದೂರ ಎಷ್ಟೆಂದು ನೋಡೋಣ. ಮಲದಲ್ಲಿ ರಕ್ತ ಕಂಡರೆ ನಮ್ಮವರು ಮೊದಲು ಹೇಳುವ ಹೆಸರು ಮೂಲವ್ಯಾಧಿ. ಹಲವು ಸಲ ಅದು ಮೂಲವ್ಯಾಧಿಯೇ ಆಗಿರುತ್ತದೆ, ನಿಜ. ಆದರೆ ನೋಡದೆ ಅದನ್ನು ತೀರ್ಮಾನಿಸುವುದು ಹೇಗೆ? ನಾಚಿಕೆಯಿಂದ ಮನೆಯವರಿಗೂ ಹೇಳದೆ, ಬಸ್ ನಿಲ್ದಾಣದ ಗೋಡೆಯ ಮೇಲಿನ ಜಾಹೀರಾತನ್ನು ನಂಬಿ ಔಷಧ ತರುವವರು ಎಷ್ಟು ಜನ! ಎದೆಯುರಿಗೆ ಅಂಗಡಿಯ ಪುಡಿಯನ್ನೋ ಮಾತ್ರೆಯನ್ನೋ ವರ್ಷಗಟ್ಟಲೆ ನುಂಗುವವರು ಎಷ್ಟು ಜನ! ಗಂಟಿಗೆ ಲೋಹ ತಗುಲಿದರೆ ಕೆರಳಿ ಹಬ್ಬುತ್ತದೆ ಎಂಬ ಭೀತಿಯೂ ನಮ್ಮಲ್ಲಿದೆ. ತೀರ ಬೆಳೆದ ಮೇಲೆ ಶಸ್ತ್ರಚಿಕಿತ್ಸೆಗೆ ಹೋದವರು ಉಳಿಯದಿದ್ದುದನ್ನು ಕಂಡೇ ಈ ಭೀತಿ ಹುಟ್ಟಿರಬೇಕು. ಅಲ್ಲಿ ತಪ್ಪು ಲೋಹದ್ದಾಗಿರಲಿಲ್ಲ, ವಿಳಂಬದ್ದಾಗಿತ್ತು.

ಅಡಿಕೆಯ ಮಾತು

ಇನ್ನೊಂದು ಮಾತನ್ನು ಹೇಳಲು ಸಂಕೋಚವಾಗುತ್ತದೆ. ಆದರೂ ಹೇಳದಿದ್ದರೆ ಈ ಬರಹಕ್ಕೆ ಪ್ರಾಮಾಣಿಕತೆ ಇರದು. ತರೀಕೆರೆಯ ಸೀಮೆಯಲ್ಲಿ ಅಡಿಕೆ ಎಂದರೆ ಮಗಳ ಮದುವೆ, ಮಗನ ಓದು, ಸಾಲದ ತೀರುವಳಿ. ನಮ್ಮ ಸಂಪ್ರದಾಯದಲ್ಲಿ ವೀಳ್ಯವಿಲ್ಲದೆ ಶುಭಕಾರ್ಯವಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ೨೦೦೪ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪು ಬೆರೆಸಿದ ಎಲೆ-ಅಡಿಕೆಯು ಬಾಯಿ, ಗಂಟಲು, ಅನ್ನನಾಳಗಳಲ್ಲಿ ಕ್ಯಾನ್ಸರನ್ನು ಉಂಟುಮಾಡುತ್ತದೆ ಎಂದು ಹೇಳಿದೆ. ಅಡಿಕೆಯನ್ನೇ ಪ್ರತ್ಯೇಕವಾಗಿಯೂ ಕ್ಯಾನ್ಸರ್‌ಕಾರಕ ವಸ್ತುಗಳ ಪಟ್ಟಿಯಲ್ಲಿ ಸೇರಿಸಿದೆ. ಬೆಂಗಳೂರಿನ ನೋಂದಣಿಯ ಆಧಾರದ ಮೇಲೆ ೧೯೯೦ರಲ್ಲಿ ಪ್ರಕಟವಾದ ಅಧ್ಯಯನವೂ ಬಾಯಿಯ ಕ್ಯಾನ್ಸರಿಗೂ ಹೊಗೆಸೊಪ್ಪಿನ ಜಗಿತಕ್ಕೂ ಇರುವ ನಂಟನ್ನು ತೋರಿಸಿತು. ನಮ್ಮ ಸೋದರಮಾವನವರ ಸೊಂಟದ ಚೀಲದಲ್ಲಿ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ನಾಲ್ಕೂ ತಪ್ಪದೆ ಇರುತ್ತಿದ್ದವು. ಬೆಳೆಯುವವನು ಬದುಕಲಿ, ಆದರೆ ಜಗಿಯುವ ಅಭ್ಯಾಸವನ್ನು, ವಿಶೇಷವಾಗಿ ಹೊಗೆಸೊಪ್ಪನ್ನೂ ಗುಟ್ಕಾವನ್ನೂ, ಬಿಡುವುದಕ್ಕೆ ತೋಟವನ್ನು ಕಡಿಯಬೇಕಾಗಿಲ್ಲ.

ಅಡಿಕೆ ತೋಟವೇ ನಮಗೆ ಇನ್ನೊಂದು ಪಾಠವನ್ನೂ ಕಲಿಸಿದೆ. ಮಲೆನಾಡಿನ ತೋಟಗಳನ್ನು ಕೊಳೆರೋಗ ಹಾಳುಮಾಡುತ್ತಿದ್ದಾಗ, ಮೈಸೂರು ಸಂಸ್ಥಾನದ ಕೃಷಿವಿಜ್ಞಾನಿಯಾಗಿ ೧೯೦೮ರಲ್ಲಿ ಬಂದ ಲೆಸ್ಲಿ ಕೋಲ್ಮನ್ ಅವರು ಆ ರೋಗವನ್ನು ಅಭ್ಯಸಿಸಿ, ೧೯೧೦ರಲ್ಲಿ ಅದರ ಬಗ್ಗೆ ಗ್ರಂಥ ಪ್ರಕಟಿಸಿದರು. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಕೊನೆಗಳಿಗೆ ಸಿಂಪಡಿಸುವ ಪದ್ಧತಿ ಬಳಕೆಗೆ ಬಂದದ್ದು ಆ ಕಾಲದಲ್ಲಿ. ಕಾಯಿ ಉದುರತೊಡಗಿದ ಮೇಲೆ ಔಷಧ ಹೊಡೆಯುವವನನ್ನು ತೋಟಗಾರರು ಬುದ್ಧಿವಂತನೆನ್ನುವುದಿಲ್ಲ. ಮಳೆ ಹಿಡಿಯುವ ಮುನ್ನವೇ ಹೊಡೆಯಬೇಕು. ಮರದ ವಿಷಯದಲ್ಲಿ ಇಷ್ಟು ಮುಂದಾಲೋಚನೆಯುಳ್ಳ ನಾವು ದೇಹದ ವಿಷಯದಲ್ಲಿ ಮಾತ್ರ ಕಾಯಿ ಉದುರುವವರೆಗೆ ಏಕೆ ಕಾಯುತ್ತೇವೆ?

ಮಿತಿಗಳೂ ಕರ್ತವ್ಯವೂ

ಈ ಚಿಕಿತ್ಸೆಯನ್ನು ಪವಾಡವೆಂದು ತಿಳಿಯಬಾರದು. ಕೊಯ್ದ ಜಾಗದಲ್ಲಿ ರಕ್ತಸ್ರಾವವಾಗುವುದುಂಟು. ಅಪರೂಪಕ್ಕೆ ಗೋಡೆ ತೂತಾಗುವುದೂ ಉಂಟು. ತೆಗೆದ ಗಂಟನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ಬೇರು ಆಳಕ್ಕೆ ಇಳಿದಿದ್ದರೆ, ಅನಂತರ ದೊಡ್ಡ ಶಸ್ತ್ರಚಿಕಿತ್ಸೆಗೂ ಸಿದ್ಧರಾಗಬೇಕು. ಆದಕಾರಣ ಆ ವರದಿಯನ್ನು ಕೇಳಿ ಪಡೆದು, ಜೋಪಾನವಾಗಿಟ್ಟುಕೊಂಡು, ವೈದ್ಯರು ಹೇಳಿದ ಅವಧಿಗೆ ಮರುಪರೀಕ್ಷೆಗೆ ಹೋಗಬೇಕು. ಒಮ್ಮೆ ಗಂಟು ಬೆಳೆದ ನೆಲದಲ್ಲಿ ಮತ್ತೊಂದು ಬೆಳೆಯಬಹುದು. ಹಾಗೆಂದು ಹೊಟ್ಟೆನೋವು ಬಂದವರೆಲ್ಲರೂ ಕೊಳವೆ ನುಂಗಬೇಕೆಂದೂ ಇಲ್ಲ; ಯಾರಿಗೆ ಅಗತ್ಯವೆಂಬುದನ್ನು ವೈದ್ಯರೇ ಹೇಳಬೇಕು.

ತಡಮಾಡದೆ ವೈದ್ಯರ ಬಳಿಗೆ ಹೋಗಬೇಕಾದವರು ಯಾರು? ನುಂಗುವಾಗ ಆಹಾರ ನಿಂತಂತಾಗುವವರು. ಮಲ ಟಾರಿನಂತೆ ಕಪ್ಪಾಗಿ ಹೋಗುವವರು, ಇಲ್ಲವೇ ರಕ್ತ ಕಾಣಿಸಿಕೊಂಡವರು. ಕಾರಣವಿಲ್ಲದೆ ತೂಕ ಇಳಿಯುತ್ತಿರುವವರು. ವಯಸ್ಸಾದ ಮೇಲೆ ಹೊಸದಾಗಿ ರಕ್ತಹೀನತೆಯೋ ಮಲಬದ್ಧತೆಯೋ ಕಾಡತೊಡಗಿದವರು. ತಂದೆ ತಾಯಿ ಒಡಹುಟ್ಟಿದವರಲ್ಲಿ ಕರುಳಿನ ಕ್ಯಾನ್ಸರು ಕಂಡವರು. ಬಹುಕಾಲ ಹೊಗೆಸೊಪ್ಪು ಜಗಿದವರು. ಜಠರದಲ್ಲಿ ಮನೆಮಾಡುವ ಹೆಲಿಕೋಬ್ಯಾಕ್ಟರ್ ಎಂಬ ಸೂಕ್ಷ್ಮಜೀವಿಯೂ ಜಠರದ ಕ್ಯಾನ್ಸರಿಗೆ ಒಂದು ಕಾರಣ. ಅದನ್ನು ೧೯೮೨ರಲ್ಲಿ ಬೇರ್ಪಡಿಸಿ ಬೆಳೆಸಿದ ಆಸ್ಟ್ರೇಲಿಯಾದ ವಾರೆನ್ ಮತ್ತು ಮಾರ್ಷಲ್ ಅವರಿಗೆ ೨೦೦೫ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಪರೀಕ್ಷೆಯಲ್ಲಿ ಅದು ಕಂಡುಬಂದರೆ ಕೆಲವೇ ವಾರಗಳ ಮಾತ್ರೆಗಳಿಂದ ಹೆಚ್ಚಿನವರಲ್ಲಿ ನಿವಾರಿಸಬಹುದು.

ನಮ್ಮ ಮಠಗಳೂ ಸಹಕಾರ ಸಂಘಗಳೂ ಜಾತ್ರೆ ಉತ್ಸವಗಳ ಸಂದರ್ಭದಲ್ಲಿ ಕಣ್ಣಿನ ಶಿಬಿರ, ರಕ್ತದಾನ ಶಿಬಿರಗಳನ್ನು ನಡೆಸುತ್ತಾ ಬಂದಿವೆ. ಅವುಗಳ ಜೊತೆಗೆ ಬಾಯಿಯನ್ನು ತೆರೆಸಿ ನೋಡುವ ಒಬ್ಬ ದಂತವೈದ್ಯರನ್ನೂ, ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಗುರುತಿಸುವ ಸುಲಭ ಪರೀಕ್ಷೆಯನ್ನೂ ಏರ್ಪಡಿಸಿದರೆ, ಯಾರನ್ನು ದೊಡ್ಡಾಸ್ಪತ್ರೆಗೆ ಕಳುಹಿಸಬೇಕೆಂಬುದು ಊರಿನಲ್ಲೇ ತಿಳಿದೀತು. ಇದಕ್ಕೆ ದೊಡ್ಡ ಹಣ ಬೇಕಾಗಿಲ್ಲ. ನಾಚಿಕೆಯನ್ನು ಬಿಟ್ಟು ಮಾತನಾಡುವ ಹಿರಿಯರು ಬೇಕು.

ವಾಚಕರೇ, ಅತ್ತೆಯವರ ಪ್ರಶ್ನೆಗೆ ಮರಳೋಣ. ಮುದ್ದೆ ಎದೆಯಲ್ಲಿ ನಿಂತ ದಿನವೇ ಅವರು ಗಾಡಿ ಹತ್ತಿದ್ದರೆ ಉಳಿಯುತ್ತಿದ್ದರೇ? ಬಹುಶಃ ಸ್ವಲ್ಪ ಹೆಚ್ಚು ಕಾಲ ಬಾಳುತ್ತಿದ್ದರು. ಆದರೆ ನುಂಗಲು ಅಡ್ಡಿಯಾಗುವಷ್ಟು ಬೆಳೆದ ಗೆಡ್ಡೆ ಸಾಮಾನ್ಯವಾಗಿ ಎಳೆಯದಾಗಿರುವುದಿಲ್ಲ. ಲೋಳೆಪೊರೆಯನ್ನು ಅದಾಗಲೇ ದಾಟಿರುತ್ತದೆ. ಅನ್ನನಾಳದ ಎಳೆಯ ಗಂಟು ನೋಯುವುದಿಲ್ಲ, ತಡೆಯುವುದಿಲ್ಲ, ತನ್ನ ಸುಳಿವನ್ನು ಕೊಡುವುದಿಲ್ಲ. ಅದನ್ನು ಕಾಣಬೇಕಾದರೆ ಕೊಳವೆಯ ಮೂಲಕ ಅಯೋಡಿನ್ ದ್ರಾವಣವನ್ನು ಸಿಂಪಡಿಸಬೇಕು: ಆರೋಗ್ಯವಾಗಿರುವ ಪೊರೆ ಕಂದು ಬಣ್ಣ ತಾಳುತ್ತದೆ, ಕೆಟ್ಟ ಜಾಗ ಮಾತ್ರ ಬಣ್ಣ ಹಿಡಿಯದೆ ಬಿಳಿಚಿಕೊಂಡು ನಿಲ್ಲುತ್ತದೆ. ಆ ಬಿಳಿಚಿದ ಕಲೆಯನ್ನು ಕಂಡರೆ ಇಂದು ಎದೆಯನ್ನು ಸೀಳದೆ ಬಿಡಿಸಿ ತೆಗೆಯಬಲ್ಲ ಕೈಗಳಿವೆ. ೧೯೭೯ರಲ್ಲಿ ಆ ಸೌಕರ್ಯ ನಮ್ಮವರಿಗೆ ಇರಲಿಲ್ಲ. ಹಾಗಾಗಿ ವೈದ್ಯರು ಅಂದು ಅತ್ತೆಯವರಿಗೆ ಹೇಳಿದ ಮಾತು ಸರಿಯಾದುದೇ ಆಗಿತ್ತು.

ಇಂದು ಆ ಸೌಕರ್ಯ ಇದೆ. ಆದುದರಿಂದ ಇಂದಿನ ಮನೆಗಳಲ್ಲಿ ಆ ಪ್ರಶ್ನೆಯನ್ನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೇಳುವಂತಾಗಬಾರದು. ಮನೆಯ ಹಿರಿಯರೊಬ್ಬರು ಊಟದ ಎಲೆಯ ಮುಂದೆ ಸಾರನ್ನು ಎರಡು ಸಲ ಹೆಚ್ಚು ಹಾಕಿಸಿಕೊಂಡರೆ, ಬಡಿಸುವವರು ಅದನ್ನು ಗಮನಿಸಬೇಕು, ‘ಏಕೆ?’ ಎಂದು ಅಂದೇ ಕೇಳಬೇಕು. ಸೊಂಟದ ಚೀಲದಲ್ಲಿ ನಲವತ್ತು ವರ್ಷ ಹೊಗೆಸೊಪ್ಪನ್ನು ಹೊತ್ತವರನ್ನು, ಅವರಿಗೆ ಏನೂ ತೊಂದರೆ ಇಲ್ಲದಿರುವಾಗಲೇ, ಒಮ್ಮೆ ವೈದ್ಯರ ಬಳಿಗೆ ಕರೆದುಕೊಂಡು ಹೋಗಬೇಕು. ಬೊಜ್ಜಿನಿಯ ಮೇಣದ ಬತ್ತಿಯಿಂದ ಮೋಗಾದ ಕಪಾನಿಯವರ ಗಾಜಿನ ಎಳೆಯವರೆಗೆ ಅಷ್ಟು ಜನರು ಪಟ್ಟ ಶ್ರಮವು ನಮ್ಮ ಮೂರು ತಾಲ್ಲೂಕುಗಳ ಒಬ್ಬ ರೈತನಿಗಾದರೂ ಹೀಗೆ ಸಕಾಲಕ್ಕೆ ದಕ್ಕಿದರೆ, ಈ ಬರಹದ ಉದ್ದೇಶ ನೆರವೇರಿದಂತೆ.